ಬೈಲಿನಲ್ಲಿ ಮನೆ, ಬಾಯಲ್ಲಿ ಪ್ರಕೃತಿ ವಿಕೋಪ

ಕರಾವಳಿಯಲ್ಲಿ ಪ್ರತಿ ಮಳೆಗಾಲವೂ ತಪ್ಪದೆ ಕೇಳಿಬರುವ 'ಕಂಡು ಕೇಳರಿಯದ ಮಳೆ' ಎಂಬ ಮಾತು, ನಿವೇಶನದ ದಲ್ಲಾಳಿಗಳು, ಪರವಾನಗಿಗೆ ಸಹಿ ಹಾಕಿದ ಅಧಿಕಾರಿಗಳು ಮತ್ತು ಮೊಣಕಾಲುದ್ದ ನೀರಿನಲ್ಲಿ ನಿಂತು ಪರಿಹಾರ ಘೋಷಿಸುವ ಜನಪ್ರತಿನಿಧಿಗಳು ಒಟ್ಟಾಗಿ ಹೊದ್ದುಕೊಳ್ಳುವ ಕಂಬಳಿಯಾಗಿಬಿಟ್ಟಿದೆ. ನಾಲ್ಕು ತಿಂಗಳಲ್ಲಿ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವುದೇ ವಾಡಿಕೆಯಾಗಿರುವ ನೆಲದಲ್ಲಿ, 1923ರ ಮತ್ತು 1974ರ ನೇತ್ರಾವತಿ ನೆರೆಗಳನ್ನು ಬಂಟ್ವಾಳದ ಹಿರಿಯರು ಇಂದಿಗೂ ಕಾಲಗಣನೆಯ ಗುರುತಾಗಿ ಬಳಸುತ್ತಿರುವಾಗ, ಮಳೆಯನ್ನು ಕಾಣದವರು, ನೆರೆಯನ್ನು ಕೇಳದವರು ಯಾರೆಂದು ತಿಳಿಯುವುದಿಲ್ಲ. ಸಮುದ್ರದ ಬಳಿ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬ ಪ್ರಶ್ನೆಗೆ ಉಪಗ್ರಹದ ಚಿತ್ರಗಳೂ ದುಬಾರಿ ಸಲಹೆಗಾರರೂ ಬೇಕೆಂದು ವಾದಿಸುವವರು, ಉತ್ತರವು ಊರಿನ ಹೆಸರಿನಲ್ಲೇ ಇರುವುದನ್ನು ಬೇಕೆಂದೇ ಓದದೆ ಬಿಟ್ಟಿದ್ದಾರೆ.

ದಕ್ಷಿಣ ಕನ್ನಡ ಮತ್ತು ಉಡುಪಿ ಸೀಮೆಯ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಮಳೆನೀರನ್ನು ಹೊಳೆಗೆ ಒಯ್ಯುವ ತೋಡಿನ ಇಕ್ಕೆಲಕ್ಕೆ ಹರಡಿದ್ದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ ನೀರು ಸಿಗುತ್ತಿತ್ತು. ಅದರ ಮೇಲಿನ ಹಂತವಾದ ಮಜಲಿನಲ್ಲಿ ಎರಡು ಬೆಳೆ, ಮಳೆಯನ್ನಷ್ಟೇ ನಂಬಿದ ಎತ್ತರದ ಬೆಟ್ಟುಗದ್ದೆಯಲ್ಲಿ ಒಂದೇ ಬೆಳೆ. ಎಷ್ಟು ಬೆಳೆ ಎಂಬ ಲೆಕ್ಕವೇ ಎಷ್ಟು ನೀರು ಎಂಬ ಲೆಕ್ಕವೂ ಆಗಿದ್ದುದರಿಂದ, ಈ ಮೂರು ಪದಗಳನ್ನು ಬಲ್ಲವನಿಗೆ ಬೇರೆ ನೆರೆ ನಕ್ಷೆಯ ಅಗತ್ಯವಿರಲಿಲ್ಲ. ಊರಿನ ಹಿರಿಯ ಭೂಮಾಲಕರ ಗುತ್ತಿನ ಮನೆಗಳು ಬೈಲನ್ನು ಎದುರಿಗಿಟ್ಟುಕೊಂಡು ಅದರ ಅಂಚಿನ ಎತ್ತರದಲ್ಲಿ ನಿಂತವು. ಮನೆಯ ಮುಂದಿನ ದೊಡ್ಡ ಗದ್ದೆಯಾದ ಬಾಕಿಮಾರು ಅಂಗಳದಿಂದ ಕೆಳಗಿರುತ್ತಿತ್ತು, ಅಂಗಳವು ಗದ್ದೆಗಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಇಂದಿನ ನಿವೇಶನದ ವ್ಯಾಪಾರವು ಹುಡುಕಿಕೊಂಡು ಹೋಗುವುದು ಇದೇ ಬೈಲನ್ನು. ಸಮತಟ್ಟಾದ ನೆಲ, ಹೆದ್ದಾರಿಯ ಸಾಮೀಪ್ಯ, ಬೇಸಾಯ ಬಿಟ್ಟು ಹಡಿಲು ಬಿದ್ದಿರುವುದರಿಂದ ಅಗ್ಗದ ದರ. ಪಹಣಿಯಲ್ಲಿ ನೀರು ನಿಲ್ಲುವ ಗದ್ದೆಗೆ ಇರುವ 'ನಂಜ' ಎಂಬ ಹೆಸರು, ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬದಲಾಯಿಸುವ ಭೂಪರಿವರ್ತನೆಯ ಆದೇಶದೊಂದಿಗೆ ಕಾಗದದಿಂದ ಮಾಯವಾಗುತ್ತದೆ. ನಾಲ್ಕೈದು ಅಡಿ ಕೆಮ್ಮಣ್ಣು ತುಂಬಿಸಿದೊಡನೆ ಗದ್ದೆಯೇ ಕಣ್ಣಿನಿಂದ ಮಾಯವಾಗುತ್ತದೆ. ನೀರಿಗೆ ಮಾತ್ರ ಆದೇಶದ ಪ್ರತಿ ತಲುಪುವುದಿಲ್ಲ. ಒಂದು ಎಕರೆ ಬೈಲು ಒಂದೇ ಒಂದು ಅಡಿ ನೀರನ್ನು ತಡೆದು ನಿಲ್ಲಿಸಿಕೊಂಡರೆ, ಅದು 12 ಲಕ್ಷ ಲೀಟರ್‌ಗೂ ಹೆಚ್ಚು, ಎಂದರೆ 12,000 ಲೀಟರಿನ ನೂರು ಟ್ಯಾಂಕರುಗಳಷ್ಟು ನೀರು. ಆ ಎಕರೆಗೆ ಮಣ್ಣು ತುಂಬಿಸಿದವನು ನೂರು ಟ್ಯಾಂಕರುಗಳನ್ನು ಪಕ್ಕದ ಮನೆಯ ಅಡುಗೆಕೋಣೆಯೊಳಗೆ ಖಾಲಿ ಮಾಡಿದ್ದಾನೆ ಎಂದು ಯಾವ ಸರಕಾರಿ ಸಮೀಕ್ಷೆಯೂ ಬರೆಯುವುದಿಲ್ಲ. ಅದು ಬರೆಯುವುದು 'ಪ್ರಕೃತಿ ವಿಕೋಪ' ಎಂದು. ಹತ್ತು ಎಕರೆಯ ಬಡಾವಣೆಗೆ ಸಾವಿರ ಟ್ಯಾಂಕರುಗಳಾಗುತ್ತವೆ. ಮುಂದಿನ ಗುಣಾಕಾರವನ್ನು ಪರವಾನಗಿ ಕೊಟ್ಟವರೇ ಮಾಡಿಕೊಳ್ಳಲಿ.

2018ರ ಮೇ 29ರಂದು ಮಂಗಳೂರಿನ ರಸ್ತೆಗಳು ಹೊಳೆಯಾದಾಗಲೂ, 2020ರ ಸೆಪ್ಟೆಂಬರ್ 20ರಂದು ಉಡುಪಿ ನಗರ ಮುಳುಗಿದಾಗಲೂ ಆಶ್ಚರ್ಯಪಟ್ಟವರಿಗೆ ಕೊರತೆಯಿರಲಿಲ್ಲ. ಉಡುಪಿಯಲ್ಲಿ ನೀರು ನುಗ್ಗಿದ ಜಾಗಗಳಲ್ಲಿ ಒಂದರ ಹೆಸರು ಗುಂಡಿಬೈಲು. ಗುಂಡಿಯೂ ಇದೆ, ಬೈಲೂ ಇದೆ. ಇದಕ್ಕಿಂತ ಸ್ಪಷ್ಟವಾಗಿ ಎಚ್ಚರಿಸಬೇಕಾದರೆ ಪೂರ್ವಿಕರು ಡಂಗುರ ಹೊಡೆಸಬೇಕಾಗಿತ್ತು. ಮತ್ತೊಂದರ ಹೆಸರು ಕಲ್ಸಂಕ. ಸಂಕವೆಂದರೆ ಸೇತುವೆ, ಕಲ್ಲಿನ ಸೇತುವೆ ಬೇಕಾಗಿದ್ದಲ್ಲಿ ದಾಟಬೇಕಾದ ನೀರೂ ಇತ್ತೆಂದು ಊಹಿಸಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಬಹುಶಃ ಅದು ಇಲ್ಲದಿರುವುದೇ ಮೇಲು. ಹೊಳೆಯ ಬಾಯಿಯ ಬಳಿಯಿರುವ ನಗರಗಳಲ್ಲಿ ಇನ್ನೂ ಒಂದು ತೊಡಕಿದೆ: ನೇತ್ರಾವತಿ ಮತ್ತು ಫಲ್ಗುಣಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಮಂಗಳೂರಿನಂತಹ ಕಡೆ, ಭರತದ ಹೊತ್ತಿನಲ್ಲಿ, ಎಂದರೆ ಸಮುದ್ರದ ನೀರು ಉಬ್ಬಿ ಹೊಳೆಯೊಳಕ್ಕೆ ಏರುವ ಹೊತ್ತಿನಲ್ಲಿ, ರಾಜಕಾಲುವೆಯ ನೀರಿಗೆ ಹೊರದಾರಿಯೇ ಇರುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತಕ್ಕೂ ದೊಡ್ಡ ಮಳೆಗೂ ಕಾಲ ಕೂಡಿಬಂದರೆ ಕಾಲುವೆಯನ್ನು ಎಷ್ಟು ಹೂಳೆತ್ತಿದರೂ ನೀರು ಕಾಯಲೇಬೇಕು, ಮತ್ತು ಅದು ಕಾಯುವ ಜಾಗವೇ ಬೈಲು.

ಬೈಲು, ಮಜಲು, ಬೆಟ್ಟು ಎಂಬ ಪದಗಳು ಸತ್ತದ್ದು ತಾವಾಗಿಯೇ ಅಲ್ಲ. ಶಾಲೆಯ ಪಠ್ಯದಲ್ಲಿ ಕರಾವಳಿಯ ಮಗು ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಫಲವತ್ತಾದ ಬಯಲನ್ನು ಬಾಯಿಪಾಠ ಮಾಡುತ್ತದೆ, ತನ್ನ ಮನೆಯ ಹಿಂದಿನದು ಬೈಲೋ ಬೆಟ್ಟೋ ಎಂದು ತಿಳಿಯದು. ಬಡಾವಣೆಗಳಿಗೆ ಇಂಗ್ಲಿಷಿನ ತೋಟ, ತಂಗಾಳಿ, ಹೊಳೆದಂಡೆಗಳ ಹೆಸರಿಡುವವರು ಹಳೆಯ ಹೆಸರನ್ನು ಅಳಿಸುವುದು ಬರೀ ಷೋಕಿಗಾಗಿ ಎಂದು ನಂಬಬೇಕಾಗಿಲ್ಲ; ಗುಂಡಿ, ಕುದ್ರು (ಹೊಳೆಯ ನಡುಗಡ್ಡೆ), ಬೈಲು ಎಂಬ ಬಾಲವಿರುವ ಹೆಸರಿಗೆ ದರ ಇಳಿಯುತ್ತದೆ. ಕೊಳ್ಳುವವನಾದರೂ ಎಷ್ಟು ಜಾಣ! ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿದ ಹಣದ ಚೀಲ ಹಿಡಿದು ಬಂದವನು ಬಾಗಿಲು ಯಾವ ದಿಕ್ಕಿಗಿರಬೇಕೆಂದು ಮೂವರು ವಾಸ್ತುತಜ್ಞರನ್ನು ಕೇಳುತ್ತಾನೆ, ಆ ಬಾಗಿಲಿನಿಂದ ನೀರು ಬರುತ್ತದೆಯೇ ಎಂದು ಪಕ್ಕದ ಗದ್ದೆಯಲ್ಲಿ ಐವತ್ತು ವರ್ಷ ನೇಜಿ ನೆಟ್ಟ ಹೆಂಗಸನ್ನು ಒಂದು ಮಾತು ಕೇಳುವುದಿಲ್ಲ.

ಕಡಲಿನ ಅಂಚಿಗೆ ಬಂದರೆ ಇದೇ ನಾಟಕವನ್ನು ಕಾನೂನೇ ಆಡುತ್ತದೆ. 1991ರಲ್ಲಿ ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಗ್ರಾಮೀಣ ತೀರಗಳಲ್ಲಿ ಭರತದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಕೂಡದೆಂದಿತ್ತು. 2019ರ ಜನವರಿಯ ಅಧಿಸೂಚನೆಯು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಜನ ಹೆಚ್ಚಿದ್ದಲ್ಲಿ ಸಮುದ್ರ ಹಿಂದೆ ಸರಿಯುತ್ತದೆ ಎಂಬ ಈ ಸಂಶೋಧನೆ, ದಡವನ್ನು ಕೊರೆಯುತ್ತಲೇ ಇರುವ ಉಳ್ಳಾಲದ ಕಡಲಿಗೆ ಇನ್ನೂ ಗೊತ್ತಾದಂತಿಲ್ಲ. ಕಸುಬಿಗಾಗಿ ದಡದಲ್ಲೇ ಇರಬೇಕಾದ ಮೀನುಗಾರ ಮೊಗವೀರರ ಮಾತು ಬೇರೆ; ಅವರ ಹೆಸರು ಹೇಳಿ ಸಡಿಲಿಸಿದ ನಿಯಮದ ಲಾಭ ಯಾರ ಪಾಲಾಗುತ್ತದೆಂದು ತೀರದುದ್ದಕ್ಕೂ ಎದ್ದ ರೆಸಾರ್ಟುಗಳನ್ನು ಎಣಿಸಿದರೆ ತಿಳಿಯುತ್ತದೆ. ಬಳಿಕ ಕಲ್ಲಿನ ತಡೆಗೋಡೆಯ ಬೇಡಿಕೆ, ಗೋಡೆ ಮುಗಿದಲ್ಲಿಂದ ಪಕ್ಕದ ಊರಿನ ಕೊರೆತ, ಅಲ್ಲಿಗೆ ಮತ್ತೊಂದು ಟೆಂಡರು.

ಉತ್ತರ ಕನ್ನಡದ ಅಘನಾಶಿನಿ ತೀರದ ರೈತರು ಉಪ್ಪುನೀರು ನುಗ್ಗುವ ಗಜನಿ ಭೂಮಿಯಲ್ಲಿ, ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಕಗ್ಗ ಭತ್ತವನ್ನು ಬೆಳೆದರೇ ಹೊರತು ಅಲ್ಲಿ ಮನೆ ಕಟ್ಟಲಿಲ್ಲ. ಹಾಗಾದರೆ ಗುಡ್ಡ ಹತ್ತಬೇಕೇ ಎಂದು ಮೂದಲಿಸುವವರಿದ್ದಾರೆ. ಗುಡ್ಡದ ಮೇಲೆ ಮುರಕಲ್ಲು ಗಟ್ಟಿಯಿದ್ದರೂ ಅದರಡಿಯಲ್ಲಿ ಹಲವೆಡೆ ಜಾರುವ ಶೇಡಿಮಣ್ಣಿದೆ. ಬೈಲು ತುಂಬಿಸಲು ಆ ಗುಡ್ಡದ ಪಾದವನ್ನೇ ಜೆಸಿಬಿಯಿಂದ ನೆಟ್ಟಗೆ ಕಡಿಯುತ್ತಿರುವವರೆಗೆ ಮೇಲೂ ಸುರಕ್ಷಿತವಲ್ಲ, ಕೆಳಗೂ ಸುರಕ್ಷಿತವಲ್ಲ. 2024ರ ಜುಲೈ 16ರಂದು ಅದೇ ಜಿಲ್ಲೆಯ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದಾಗ, ಗಂಗಾವಳಿ ನದಿಗೆ ಬಿದ್ದ ಮಣ್ಣಿನಿಂದ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು.

ಭೂಪರಿವರ್ತನೆಯ ಅರ್ಜಿಯಲ್ಲಿ ಗದ್ದೆಯು ಬೈಲೋ ಮಜಲೋ ಬೆಟ್ಟೋ ಎಂದು ನಮೂದಿಸುವುದನ್ನು ಸರಕಾರ ಕಡ್ಡಾಯ ಮಾಡಲಿ, ಬೈಲಿನ ಅರ್ಜಿಗಳನ್ನು ಅಲ್ಲಿಯೇ ತಿರಸ್ಕರಿಸಲಿ. ಅದು ಆಗುವವರೆಗೆ ಕರಾವಳಿಯಲ್ಲಿ ನಿವೇಶನ ಕೊಳ್ಳಲು ಹೊರಟವರು ಪರಿವರ್ತನೆಗೆ ಮುಂಚಿನ ಹಳೆಯ ಪಹಣಿಯ ಪ್ರತಿಯನ್ನು ತೆಗೆಸಿ ನೋಡಬೇಕು. ಅದರಲ್ಲಿ ನಂಜ ಎಂದಿದ್ದರೆ ಮುಂಗಡ ಕೊಡಬಾರದು.