ದಿಗ್ಬಂಧನ ಸರಕಾರಕ್ಕೆ, ಪೆಟ್ಟು ಯಾರಿಗೆ?

ಒಂದು ದೇಶದ ಸರಕಾರದ ಮೇಲೆ ಅಮೆರಿಕ ಆರ್ಥಿಕ ದಿಗ್ಬಂಧನ ಹಾಕಿದೆ ಅಂದುಕೊಳ್ಳಿ. ಆ ಸರಕಾರದ ವೆಬ್‌ಸೈಟಿಗೆ ಅಮೆರಿಕದ ಕಂಪನಿಯೊಂದು ಸರ್ವರ್‌ನಲ್ಲಿ ಜಾಗ ಕೊಡಬಹುದಾ? ಕೊಡಬಾರದು, ಸರಿ. ಹೋಸ್ಟಿಂಗ್ ಕೂಡ ದುಡ್ಡು ತಗೊಂಡು ಮಾಡುವ ವ್ಯಾಪಾರವೇ ತಾನೆ? ಇಲ್ಲಿವರೆಗೆ ನನ್ನದೇನೂ ತಕರಾರಿಲ್ಲ. ಆದರೆ ಈ ಕಾನೂನನ್ನು ಪಾಲಿಸುತ್ತಿರುವ ರೀತಿ ನೋಡಿದರೆ, ಏಟು ಬೀಳಬೇಕಾದವರಿಗೆ ಬೀಳ್ತಾನೇ ಇಲ್ಲ!

2021ರ ಜೂನ್ 22ರಂದು ಅಮೆರಿಕದ ನ್ಯಾಯ ಇಲಾಖೆ ಇರಾನ್ ಸರಕಾರಕ್ಕೆ ಸಂಬಂಧಿಸಿದ ಪ್ರಸಾರ ಸಂಸ್ಥೆಯೊಂದು ಬಳಸುತ್ತಿದ್ದ 33 ತಾಣಗಳನ್ನು ವಶಪಡಿಸಿಕೊಂಡಿತು. ಪ್ರೆಸ್ ಟಿವಿಯ ಡಾಟ್ ಕಾಮ್ ವಿಳಾಸವೂ ಅದರಲ್ಲಿತ್ತು. ಆ ಡೊಮೈನುಗಳು ಇದ್ದದ್ದು ಅಮೆರಿಕದ ಕಂಪನಿಯ ಹೆಸರಿನಲ್ಲಿ, ಬಳಸೋಕೆ ಅಲ್ಲಿನ ಖಜಾನೆ ಇಲಾಖೆಯ ಲೈಸೆನ್ಸ್ ಇರಲಿಲ್ಲ ಅನ್ನೋದು ಕಾರಣ. ಆಮೇಲೇನಾಯ್ತು? ಕೆಲವೇ ಗಂಟೆಗಳಲ್ಲಿ ಹಲವು ತಾಣಗಳು ಡಾಟ್ ಐಆರ್ ವಿಳಾಸದಲ್ಲಿ ಮತ್ತೆ ಹಾಜರ್! ಸರಕಾರದ ಹತ್ತಿರ ತನ್ನದೇ ಡೊಮೈನು, ತನ್ನದೇ ಸರ್ವರು, ತನ್ನದೇ ಇಂಜಿನಿಯರುಗಳು ಇರ್ತಾರೆ.

ಈಗ ಇನ್ನೊಂದು ಕಡೆ ನೋಡಿ. 2019ರ ಜುಲೈನಲ್ಲಿ ಗಿಟ್‌ಹಬ್ ಇರಾನ್, ಸಿರಿಯಾ, ಕ್ರಿಮಿಯಾದ ಡೆವಲಪರುಗಳ ಖಾತೆಗಳಿಗೆ ನಿರ್ಬಂಧ ಹಾಕಿತು. ತಮ್ಮದೇ ಪ್ರೈವೇಟ್ ಕೋಡ್ ತಮಗೇ ಸಿಗದ ಹಾಗಾಯ್ತು. ಮುಂಚೆ ಹೇಳೋಕೆ ಕಾನೂನಿನಲ್ಲಿ ಅವಕಾಶವಿಲ್ಲ ಅಂದರು ಕಂಪನಿಯ ಮುಖ್ಯಸ್ಥರು. ಲೈಸೆನ್ಸ್ ಪಡೆದು ಇರಾನಿನವರಿಗೆ ಬಾಗಿಲು ತೆರೆದಿದ್ದು 2021ರ ಜನವರಿಯಲ್ಲಿ. ಸರಕಾರಿ ಟಿವಿಗೆ ಕೆಲವು ಗಂಟೆ, ಕೋಡ್ ಬರೆಯುವ ಹುಡುಗರಿಗೆ ಒಂದೂವರೆ ವರ್ಷ!

ಇದು ಹೊಸದೇನಲ್ಲ. 2007ರಲ್ಲಿ ಸ್ಪೇನಿನಲ್ಲಿದ್ದ ಒಬ್ಬ ಇಂಗ್ಲಿಷ್ ಟ್ರಾವೆಲ್ ಏಜೆಂಟನ ಸುಮಾರು 80 ತಾಣಗಳು ಇದ್ದಕ್ಕಿದ್ದಂತೆ ಬಂದ್ ಆದವು. ಆತ ಯುರೋಪಿನವರನ್ನು ಕ್ಯೂಬಾ ಪ್ರವಾಸಕ್ಕೆ ಕಳಿಸುತ್ತಿದ್ದ. ಸರ್ವರ್ ಇದ್ದದ್ದು ಬಹಾಮಾಸಿನಲ್ಲಿ. ಆದರೆ ಡೊಮೈನು ಕೊಂಡಿದ್ದು ಅಮೆರಿಕದ ಈನಾಮ್ ಕಂಪನಿಯಿಂದ. ಅಷ್ಟು ಸಾಕಾಯ್ತು.

ಕಂಪನಿಗಳು ಯಾಕೆ ಹೀಗೆ ಮಾಡ್ತವೆ? ಗೊತ್ತಿಲ್ಲದೆ ನಿಯಮ ಮುರಿದರೂ ದಂಡ ಹಾಕಬಹುದಾದ ಕಾನೂನು ಅದು. ಹಾಗಾಗಿ ಸಂಶಯ ಬಂದರೆ ಸಾಕು, ಮುಚ್ಚಿಬಿಡ್ತಾರೆ. ಮುಚ್ಚಿದ್ದಕ್ಕೆ ದಂಡ ಇಲ್ಲ, ಬಿಟ್ಟಿದ್ದಕ್ಕೆ ಇದೆ. ಸೈನ್ ಅಪ್ ಫಾರಮ್ಮಿನ ದೇಶಗಳ ಪಟ್ಟಿಯಿಂದ ಒಂದು ಹೆಸರು ತೆಗೆಯೋದು ನಮ್ಮಂಥ ಇಂಜಿನಿಯರಿಗೆ ಐದು ನಿಮಿಷದ ಕೆಲಸ. ಆ ಹೆಸರಿನ ಹಿಂದೆ ಎಷ್ಟು ಲಕ್ಷ ಜನ ಇದ್ದಾರೆ ಅಂತ ಯಾವ ಕೋಡ್ ರಿವ್ಯೂನಲ್ಲೂ ಕೇಳೋದಿಲ್ಲ :(

"ಅಯ್ಯೋ, ಇರಾನ್ ಕ್ಯೂಬಾ ವಿಷಯ ನಮಗ್ಯಾಕೆ" ಅಂತೀರಾ? 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಇತ್ತು. ಅಷ್ಟು ಹಿಂದೆ ಹೋಗೋದೂ ಬೇಡ. 2025ರ ಜುಲೈನಲ್ಲಿ ಯುರೋಪ್ ಒಕ್ಕೂಟ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹಾಕಿತು, ಅದರಲ್ಲಿ ರಷ್ಯಾದ ರಾಸ್‌ನೆಫ್ಟ್ ಪಾಲಿದೆ ಅಂತ. ಮೈಕ್ರೋಸಾಫ್ಟ್ ಸೇವೆ ನಿಂತೇಹೋಯ್ತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯ್ತು, ಆಮೇಲೆ ಸೇವೆ ವಾಪಸ್ ಬಂತು. ಗುಜರಾತಿನಲ್ಲಿ ರಿಫೈನರಿ ನಡೆಸುವ ಕಂಪನಿ ಅದು, ವಕೀಲರಿದ್ದರು. ನಮ್ಮ ನಿಮ್ಮಂಥವರಿಗೆ ಯಾರಿದ್ದಾರೆ?

ನನ್ನ ಪ್ರಕಾರ ಎರಡು ನಿಯಮ ಬೇಕು. ಒಂದು, ಸರಕಾರದ ತಾಣ ಯಾವುದು, ಆ ದೇಶದ ಸಾಮಾನ್ಯನ ತಾಣ ಯಾವುದು ಅಂತ ಬೇರೆ ಮಾಡಿ ನೋಡುವ ಹೊಣೆ ಕಂಪನಿಯದ್ದಾಗಬೇಕು. ಎರಡು, ಸಾಮಾನ್ಯನ ಖಾತೆ ಮುಚ್ಚಲೇಬೇಕಾಗಿ ಬಂದರೂ ಅವನ ಡೇಟಾ ತಗೊಂಡು ಹೋಗಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಮನೆ ಖಾಲಿ ಮಾಡಿಸುವ ಮಾಲೀಕನೂ ಪಾತ್ರೆ ಪಗಡಿ ತಗೊಂಡು ಹೋಗೋಕೆ ಬಿಡ್ತಾನಲ್ಲ? ಇದರಿಂದ ಯಾವ ದಿಗ್ಬಂಧನವೂ ಸಡಿಲವಾಗೋದಿಲ್ಲ.

ಅಂದಹಾಗೆ ಗೆಳೆಯರೇ, ನಾವೆಲ್ಲ ಪುಕ್ಕಟೆ ಜಾಗದಲ್ಲಿ ಬರೆಯುವವರು, ಆ ಸರ್ವರುಗಳ ಮಾಲೀಕರೂ ಅಮೆರಿಕದವರೇ. ಬರೆದದ್ದರದ್ದೊಂದು ಬ್ಯಾಕಪ್ ಇಟ್ಟುಕೊಂಡಿದ್ದೀರಾ? ಇವತ್ತೇ ಮಾಡಿ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಬರೀರಿ, ಜಗಳ ಆಡೋಣ :)