ಮೊದಲು ದಡ, ಆಮೇಲೆ ರೂಮು

ಅಂಡಮಾನಿಗೆ ಹೊರಟವರು ಕೇಳುವ ಮೊದಲ ಪ್ರಶ್ನೆ, ‘ಯಾವ ಹೋಟೆಲ್ ಒಳ್ಳೆಯದು?’ ಎರಡನೆಯದು, ‘ಬೆಳಗಿನ ತಿಂಡಿ ಸೇರಿದೆಯಾ?’ ಯಾವ ದಡದಲ್ಲಿ ಉಳಿಯಬೇಕು ಎಂದು ಕೇಳುವವರು ಅಪರೂಪ. ಮೊದಲು ಕೇಳಬೇಕಾದದ್ದು ಅದನ್ನೇ. ಊಟಿಯಲ್ಲೋ ಮಡಿಕೇರಿಯಲ್ಲೋ ಉಳಿದ ಜಾಗ ಹಿಡಿಸದಿದ್ದರೆ ಸಂಜೆಯೊಳಗೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೇ ಹೋಗಿಬಿಡಬಹುದು. ದ್ವೀಪದಲ್ಲಿ ಕೊನೆಯ ಬೋಟು ಹೊರಟಿತೆಂದರೆ ಆ ರಾತ್ರಿ ಅಲ್ಲಿಯೇ. ಆಯ್ಕೆ ತಪ್ಪಿದರೆ ರಜೆಯ ಅರ್ಧ ಭಾಗ ಆಟೋದಲ್ಲಿ ಕಳೆಯುತ್ತದೆ.

ಕನ್ನಡದ ಮಧ್ಯಮ ವರ್ಗದ ಕುಟುಂಬಗಳಿಗೆ ಅಂಡಮಾನ್ ಬಹುಪಾಲು ಮೊದಲ ದ್ವೀಪ. ಅದಕ್ಕೆ ಕಾರಣವೂ ಇದೆ. ಬೆಂಗಳೂರಿನಿಂದ ನೇರ ವಿಮಾನವಿದೆ, ಪಾಸ್‌ಪೋರ್ಟ್ ಬೇಕಿಲ್ಲ. ಲಕ್ಷದ್ವೀಪಕ್ಕೆ ಹೋಗಲು ನಮಗೂ ಅನುಮತಿ ಪತ್ರ ಬೇಕು; ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್‌ಗಳಿಗೆ ಅದರ ಗೋಜಿಲ್ಲ. ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಹ್ಯಾವ್ಲಾಕ್ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಬೋಟಿನ ಟಿಕೆಟ್‌ನಲ್ಲಿ ಒಂದು ಹೆಸರು, ಹೋಟೆಲಿನ ರಸೀದಿಯಲ್ಲಿ ಇನ್ನೊಂದು ಇರುವುದುಂಟು. ಎರಡೂ ಗೊತ್ತಿದ್ದರೆ ಜೆಟ್ಟಿಯಲ್ಲಿ ಗಾಬರಿಯಾಗುವುದಿಲ್ಲ.

ಈಗ ದಡದ ಮಾತು. ನಾವು ಮಲ್ಪೆ, ಗೋಕರ್ಣ, ಮುರುಡೇಶ್ವರ ನೋಡಿ ಬೆಳೆದವರು. ಅಲ್ಲೆಲ್ಲ ಸಮುದ್ರ ಹಿಂದೆ ಸರಿದರೆ ಇನ್ನಷ್ಟು ಮರಳು ಸಿಗುತ್ತದೆ, ಮಕ್ಕಳಿಗೆ ಆಡಲು ಇನ್ನಷ್ಟು ಜಾಗವಾಗುತ್ತದೆ. ಅಷ್ಟೇ ವ್ಯತ್ಯಾಸ. ಆದ್ದರಿಂದ ಉಬ್ಬರ ಇಳಿತ ನೋಡಿಕೊಂಡು ರೂಮು ಹಿಡಿಯುವ ಅಭ್ಯಾಸ ನಮಗಿಲ್ಲ. ಅಂಡಮಾನಿನ ಎಷ್ಟೋ ದಡಗಳಲ್ಲಿ ಮರಳಿನ ಪಟ್ಟಿ ತೆಳು, ಅದರಾಚೆಗೆ ಹವಳದ ಕಲ್ಲಿನ ಹಾಸು. ದೊಡ್ಡ ಉಬ್ಬರವಿಳಿತದ ದಿನಗಳಲ್ಲಿ ನೀರಿನ ಮಟ್ಟ ಸುಮಾರು ಎರಡು ಮೀಟರ್ ಏರಿಳಿಯುತ್ತದೆ. ನೀರು ತುಂಬಿದಾಗ ಹಸಿರು ನೀಲಿಯಾಗಿ ಹೊಳೆಯುತ್ತಿದ್ದ ಅದೇ ಜಾಗದಲ್ಲಿ, ಇಳಿತದ ಹೊತ್ತಿಗೆ ಕಣ್ಣು ಹಾಯಿಸಿದಷ್ಟು ದೂರ ಕಲ್ಲು, ಪಾಚಿ, ಪಾದ ಮುಳುಗುವಷ್ಟು ನೀರು. ಈಜುವುದಿರಲಿ, ಚಪ್ಪಲಿ ಇಲ್ಲದೆ ನಡೆಯಲೂ ಆಗದು. ಹೋಟೆಲಿನ ಜಾಹೀರಾತಿನಲ್ಲಿರುವ ಫೋಟೋ ಯಾವಾಗಲೂ ಉಬ್ಬರದ ಹೊತ್ತಿನದು.

ಹ್ಯಾವ್ಲಾಕ್‌ನಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಊರುಗಳನ್ನು ಜನ ನಂಬರಿನಿಂದಲೇ ಗುರುತಿಸುತ್ತಾರೆ. ಗೋವಿಂದನಗರ 3, ವಿಜಯನಗರ 5, ರಾಧಾನಗರ 7. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ನೆಲೆಗೊಳಿಸಿದ ಊರುಗಳಿವು. ಇಂದಿಗೂ ಅಲ್ಲಿನ ಅಂಗಡಿ, ಅಡುಗೆ, ಮಾತು ಎಲ್ಲದರಲ್ಲೂ ಬಂಗಾಳ ಇದೆ. 3 ಮತ್ತು 5ನೇ ನಂಬರಿನ ದಡಗಳು ಪೂರ್ವಕ್ಕಿವೆ. ಹೋಟೆಲುಗಳಲ್ಲಿ ಹೆಚ್ಚಿನವು ಅಲ್ಲಿಯೇ. ಜೆಟ್ಟಿ ಹತ್ತಿರ, ಮಾರುಕಟ್ಟೆ ಹತ್ತಿರ, ಡೈವಿಂಗ್ ಕಲಿಸುವವರೂ ಅಲ್ಲಿಯೇ ಸಿಗುತ್ತಾರೆ. ಬೆಳಗಿನ ಸೂರ್ಯ ರೂಮಿನ ಬಾಗಿಲಿಗೇ ಬರುತ್ತಾನೆ. ವಿಜಯನಗರದಲ್ಲಿ ಸಮುದ್ರ ಮಹುವಾ ಮರಗಳು ನೀರಿನ ಮೇಲೆ ಬಾಗಿ ನಿಂತಿರುವುದನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಆದರೆ ಇಳಿತದ ಕಲ್ಲಿನ ಹಾಸೂ ಇದೇ ದಡದಲ್ಲಿದೆ.

ಪಶ್ಚಿಮದ ರಾಧಾನಗರದ ರೀತಿಯೇ ಬೇರೆ. ಅಗಲವಾದ ಬಿಳಿ ಮರಳು, ಅದರ ಬೆನ್ನಿಗೆ ಎತ್ತರದ ಕಾಡು. ಕಾಲಿಗೆ ಕಲ್ಲು ಸಿಗದ, ಹೆಚ್ಚುಕಡಿಮೆ ಎಲ್ಲ ಹೊತ್ತಿನಲ್ಲೂ ನೀರಿಗಿಳಿಯಬಹುದಾದ ದಡ. ‘ಟೈಮ್’ ಪತ್ರಿಕೆ 2004ರಲ್ಲಿ ಇದನ್ನು ಏಷ್ಯಾದ ಅತ್ಯುತ್ತಮ ಬೀಚ್ ಎಂದಿತು. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿಗಳ ಜೊತೆಯಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಬಂತು. ಆದರೆ ಜೆಟ್ಟಿಯಿಂದ ಹತ್ತು ಕಿಲೋಮೀಟರ್‌ಗೂ ಹೆಚ್ಚು ದೂರ, ಅಲ್ಲಿ ಉಳಿಯುವ ಜಾಗಗಳು ಕೆಲವೇ ಕೆಲವು, ಅವುಗಳಲ್ಲಿ ಒಳ್ಳೆಯವು ದುಬಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ನೇರವಾಗಿ ಬಡಿಯುವುದೂ ಈ ದಡಕ್ಕೇ. ಆ ತಿಂಗಳುಗಳಲ್ಲಿ ಪೂರ್ವದ ದಡವೇ ಮೇಲು.

ಹಾಗಾದರೆ ಎಲ್ಲಿ ಉಳಿಯಬೇಕು? ಮೊದಲ ಬಾರಿ ಹೋಗುವ ಸಾಮಾನ್ಯ ಕುಟುಂಬಕ್ಕೆ ನಾನು ಹೇಳುವುದು ಪೂರ್ವದ ದಡವನ್ನೇ. ಗೋವಿಂದನಗರ ಅಥವಾ ವಿಜಯನಗರದಲ್ಲಿ ರೂಮು ಹಿಡಿಯಿರಿ, ಈಜಲು ರಾಧಾನಗರಕ್ಕೆ ಹೋಗಿ. ಊಟಕ್ಕೆ ನಾಲ್ಕು ಕಡೆ ಆಯ್ಕೆ ಇರುತ್ತದೆ, ಸಸ್ಯಾಹಾರಿಗಳು ಪರದಾಡುವುದಿಲ್ಲ, ಮಗುವಿಗೆ ಜ್ವರ ಬಂದರೆ ಔಷಧಿ ಅಂಗಡಿಗೆ ಕಾಡು ದಾಟಿ ಹೋಗಬೇಕಿಲ್ಲ. ದಿನವಿಡೀ ನೀರಿನಲ್ಲೇ ಇರಬೇಕು, ಬೇರೇನೂ ಬೇಡ ಎನ್ನುವ, ಖರ್ಚಿಗೂ ಹಿಂಜರಿಯದ ಜೋಡಿಗಾದರೆ ರಾಧಾನಗರವೇ ಸರಿ.

ನನ್ನ ಅಣ್ಣನ ಮಗಳು ಮದುವೆಯಾದ ಹೊಸದರಲ್ಲಿ ಫೋನ್ ಮಾಡಿ, “ಚಿಕ್ಕಪ್ಪ, ಬೀಚ್ ಎದುರಿಗೇ ಅಂತ ಬರೆದಿದ್ದಾರೆ, ದುಡ್ಡು ಕಟ್ಟಿಬಿಡ್ಲಾ?” ಎಂದಳು. “ತಡಿಯಮ್ಮ, ನಾವು ಹೋಗೋ ದಿನ ಎಷ್ಟು ಹೊತ್ತಿಗೆ ಇಳಿತ, ಆಗ ನಿಮ್ಮ ಮುಂದೆ ಈಜಬಹುದಾ ಅಂತ ಕೇಳಿ ನೋಡು” ಎಂದೆ. ಹೋಟೆಲಿನ ಹುಡುಗ ಪ್ರಾಮಾಣಿಕ. ಮಧ್ಯಾಹ್ನ ಆಗುವುದಿಲ್ಲ, ಬೆಳಿಗ್ಗೆ ಬೇಗ ಎದ್ದರೆ ಆಗುತ್ತದೆ ಎಂದು ಹೇಳಿದ. ಅವಳು ಅಲ್ಲಿಯೇ ಉಳಿದಳು, ಬೆಳಿಗ್ಗೆ ಬೇಗ ಎದ್ದಳು. ಕೇಳಿದರೆ ಇಷ್ಟು ಸುಲಭ. ಪೋರ್ಟ್ ಬ್ಲೇರ್‌ನ ಉಬ್ಬರವಿಳಿತದ ವೇಳಾಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷಕ್ಕೆ ಮುಂಚೆಯೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಮನೆಯ ಕ್ಯಾಲೆಂಡರ್ ನೋಡಿದರೂ ಅಂದಾಜು ಸಿಗುತ್ತದೆ.

ಸೂರ್ಯನ ಲೆಕ್ಕವೂ ಇದೆ. ಗಡಿಯಾರ ನಮ್ಮದೇ, ಆದರೆ ದ್ವೀಪಗಳಿರುವುದು ಬೆಂಗಳೂರಿಗಿಂತ ಬಹಳ ಪೂರ್ವಕ್ಕೆ. ಐದು, ಐದೂವರೆಗೆಲ್ಲ ಬೆಳಕಾಗುತ್ತದೆ. ಡಿಸೆಂಬರ್‌ನಲ್ಲಂತೂ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮೂರಕ್ಕೆ ಬಂದಿಳಿದು, ಮುಖ ತೊಳೆದು, ಕಾಫಿ ಕುಡಿದು ಬೀಚಿಗೆ ಹೋಗೋಣ ಎನ್ನುವಷ್ಟರಲ್ಲಿ ಕತ್ತಲು. ಹೀಗಾಗಿ ಬೆಳಗಿನ ಬೋಟಿಗೇ ಟಿಕೆಟ್ ಮಾಡಿಸಿ. ರಾಧಾನಗರದಲ್ಲಿ ಸೂರ್ಯಾಸ್ತ ನೋಡುವವರು ವಾಪಸು ಬರಲು ಆಟೋ ಮೊದಲೇ ಗೊತ್ತುಮಾಡಿಕೊಂಡಿರಿ. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ಸ್ಕೂಟರ್ ಓಡಿಸುವುದು ಅಭ್ಯಾಸವಿಲ್ಲದವರಿಗೆ ಬೇಡ.

ನೀಲ್ ಚಿಕ್ಕ ದ್ವೀಪ. ಗದ್ದೆ, ತರಕಾರಿ ತೋಟ, ಬಾಳೆ, ಅಡಿಕೆ ನೋಡಿದರೆ ನಮ್ಮ ಕರಾವಳಿಯ ಹಳ್ಳಿಗೆ ಬಂದಂತಾಗುತ್ತದೆ. ಸೈಕಲ್ಲಿನಲ್ಲೇ ಸುತ್ತಬಹುದಾದ್ದರಿಂದ ಯಾವ ಬೀಚಿನ ಪಕ್ಕ ಉಳಿದರೂ ದೊಡ್ಡ ನಷ್ಟವಿಲ್ಲ. ವಯಸ್ಸಾದವರಿದ್ದರೆ ಜೆಟ್ಟಿಗೆ ಹತ್ತಿರದ ಭರತಪುರ ಒಳ್ಳೆಯದು. ಲಕ್ಷ್ಮಣಪುರದ ಕಲ್ಲಿನ ಕಮಾನು ನೋಡಲು ಇಳಿತವೇ ಬೇಕು, ಭರತಪುರದಲ್ಲಿ ನೀರಿಗಿಳಿಯಲು ಉಬ್ಬರವೇ ಬೇಕು. ಪ್ಯಾಕೇಜಿನವರು ನೀಲ್‌ಗೆ ಒಂದೇ ರಾತ್ರಿ ಕೊಡುತ್ತಾರೆ, ಕೆಲವರು ಅದನ್ನೂ ಕೊಡದೆ ಹಗಲಲ್ಲೇ ತೋರಿಸಿ ಕರೆತರುತ್ತಾರೆ. ಹಾಗೆ ಓಡುವುದಾದರೆ ನೀಲ್ ಬಿಟ್ಟು ಹ್ಯಾವ್ಲಾಕ್‌ನಲ್ಲೇ ಇನ್ನೊಂದು ದಿನ ಇರುವುದು ಮೇಲು. ದಿನಕ್ಕೊಂದು ಹೋಟೆಲ್ ಬದಲಿಸುವ ಪ್ರವಾಸದಲ್ಲಿ ಸೂಟ್‌ಕೇಸ್ ಕಟ್ಟುವುದು, ಬಿಚ್ಚುವುದು, ಜೆಟ್ಟಿಯಲ್ಲಿ ಕಾಯುವುದು, ಇದರಲ್ಲೇ ಬೆಳಕಿನ ಹೊತ್ತು ಮುಗಿದಿರುತ್ತದೆ.

ಪೋರ್ಟ್ ಬ್ಲೇರ್‌ನಲ್ಲಿ ಉಳಿಯುವುದು ಬೀಚಿಗಾಗಿ ಅಲ್ಲ, ಸೆಲ್ಯುಲಾರ್ ಜೈಲಿಗಾಗಿ. 1906ರಲ್ಲಿ ಕಟ್ಟಿ ಮುಗಿಸಿದ ಆ ಸೆರೆಮನೆಯ ಮುಂದೆ ಒಂದು ಸಂಜೆ ಕೂರದೆ ಅಂಡಮಾನಿನಿಂದ ಹಿಂದಿರುಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಅಬರ್ಡೀನ್ ಬಜಾರಿನ ಸುತ್ತಮುತ್ತಲಿನ ಸಾಧಾರಣ ಹೋಟೆಲ್ ಸಾಕು. ಸಮುದ್ರ ಕಾಣುವ ರೂಮಿಗೆಂದು ಇಲ್ಲಿ ಹೆಚ್ಚು ದುಡ್ಡು ಸುರಿಯಬೇಡಿ; ಮರುದಿನ ಬೆಳಿಗ್ಗೆಯೇ ಬೋಟಿಗೆ ಹೊರಡುವವರಿದ್ದೀರಿ. ಕೊನೆಯ ರಾತ್ರಿ ಮಾತ್ರ ಕಡ್ಡಾಯವಾಗಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಹ್ಯಾವ್ಲಾಕ್‌ನಿಂದ ಬೆಳಗಿನ ಬೋಟು ಹಿಡಿದು ಮಧ್ಯಾಹ್ನದ ವಿಮಾನ ಹತ್ತುವ ಲೆಕ್ಕಾಚಾರವನ್ನು ಯಾರು ಕೊಟ್ಟರೂ ಒಪ್ಪಬೇಡಿ. ಗಾಳಿ ಎದ್ದರೆ ಬೋಟುಗಳು ನಿಲ್ಲುತ್ತವೆ. 2016ರ ಡಿಸೆಂಬರ್‌ನಲ್ಲಿ ಬಿರುಗಾಳಿ ಮಳೆಗೆ ಹ್ಯಾವ್ಲಾಕ್, ನೀಲ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆಯವರು ಹೋಗಿ ಅವರನ್ನು ಕರೆತರಬೇಕಾಯಿತು.

ಇಷ್ಟಾದ ಮೇಲೆ ರೂಮು. ಬಿದಿರಿನ ಗುಡಿಸಲು ಚಿತ್ರದಲ್ಲಿ ಚೆಂದ. ಅದರ ಕಿಟಕಿಗೆ ಜಾಲರಿ ಇದೆಯೇ, ಮೆಟ್ಟಿಲು ಎಷ್ಟು, ರಾತ್ರಿ ಹೊರಗೆ ದೀಪ ಇರುತ್ತದೆಯೇ ಎಂದು ಕೇಳಿಕೊಳ್ಳಿ. ಮರಳಿನಲ್ಲಿರುವ ಸಣ್ಣ ನೊಣಗಳು ಕಚ್ಚಿದರೆ ದಿನಗಟ್ಟಲೆ ತುರಿಕೆ. ವಿದ್ಯುತ್ ಬಹುಪಾಲು ಡೀಸೆಲ್‌ನಿಂದ ಬರುವುದು, ಹೋಗಿ ಬರುತ್ತಿರುತ್ತದೆ, ಜನರೇಟರ್ ಇದ್ದರೆ ವಾಸಿ. ಚೆನ್ನೈನಿಂದ ಸಮುದ್ರದಡಿಯಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದದ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್ನೆಟ್ ಸುಧಾರಿಸಿದೆ, ಆದರೂ ಕೈಯಲ್ಲಿ ನಗದು ಇರಲಿ. ಮೊಸಳೆಯ ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಉಪ್ಪುನೀರಿನ ಮೊಸಳೆಗಳು ಅಂಡಮಾನಿನ ತೊರೆಗಳಲ್ಲಿ, ಕಾಂಡ್ಲಾ ಕಾಡುಗಳಲ್ಲಿ ಇವೆ. ಹೋಟೆಲಿನ ಪಕ್ಕದಲ್ಲಿ ತೊರೆ ಸಮುದ್ರ ಸೇರುತ್ತಿದ್ದರೆ ಆ ತುದಿಗೆ ಮಕ್ಕಳನ್ನು ಬಿಡಬೇಡಿ. ಎಚ್ಚರಿಕೆ ಫಲಕ ಇದ್ದ ಕಡೆ ನೀರಿಗಿಳಿಯಲೇಬೇಡಿ. ಜೀವರಕ್ಷಕರು ತೋರಿಸಿದ ಜಾಗದಲ್ಲಿ ಮಾತ್ರ ಈಜಿ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನೀರು. ಈ ದ್ವೀಪಗಳಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುತ್ತದೆ. ಎರಡೂ ಮಾನ್ಸೂನ್‌ಗಳ ಪಾಲು ಸಿಗುತ್ತದೆ. ಹಾಗಿದ್ದೂ ಸಣ್ಣ ದ್ವೀಪ ಆ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ದೊಡ್ಡ ನದಿ ಇಲ್ಲ, ಬಿದ್ದದ್ದು ಸಮುದ್ರಕ್ಕೆ ಹರಿದು ಹೋಗುತ್ತದೆ. ಬಾವಿಯಿಂದ ಅತಿಯಾಗಿ ಎತ್ತಿದರೆ ಕಡಲಿನ ಉಪ್ಪು ಒಳಗೆ ಬರುತ್ತದೆ. ಪ್ರವಾಸಿಗರು ಕಿಕ್ಕಿರಿಯುವುದು ಮಳೆಯಿಲ್ಲದ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳಲ್ಲಿ, ಊರಿನವರ ಬಾವಿ ತಳ ಕಾಣುವುದೂ ಅದೇ ತಿಂಗಳುಗಳಲ್ಲಿ. ಒಂದು ಕಡೆ ಈಜುಕೊಳ ತುಂಬಿರುತ್ತದೆ, ಬೇಲಿಯಾಚೆ ಕೊಡ ಹಿಡಿದ ಹೆಂಗಸರು ಟ್ಯಾಂಕರಿಗೆ ಕಾಯುತ್ತಿರುತ್ತಾರೆ. ಕಾವೇರಿ ನೀರಿಗೆ ಬೀದಿಗಿಳಿಯುವ, ಬೇಸಿಗೆಯಲ್ಲಿ ಟ್ಯಾಂಕರಿನ ಬಾಗಿಲು ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಬುಕಿಂಗ್ ಮಾಡುವಾಗ ಇದನ್ನೂ ಕೇಳಿ: ನಿಮ್ಮ ನೀರು ಎಲ್ಲಿಂದ ಬರುತ್ತದೆ, ಮಳೆನೀರು ಹಿಡಿದಿಡುತ್ತೀರಾ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಸಮುದ್ರ ಕಣ್ಣಳತೆಯಲ್ಲಿರುವಾಗ ಈಜುಕೊಳವಿರುವ ಹೋಟೆಲೇ ಬೇಕೆಂದು ಹಟ ಮಾಡುವುದರಲ್ಲಿ ಅರ್ಥವಿಲ್ಲ. ದಿನವೂ ಹೊಸ ಟವೆಲ್ ಬೇಡ ಎಂದು ಹೇಳಿಬಿಡಿ. ಊರಿನವರೇ ನಡೆಸುವ ನಾಲ್ಕಾರು ರೂಮುಗಳ ಜಾಗ ಸಿಕ್ಕರೆ ಅದನ್ನೇ ಆರಿಸಿ. ಅಲ್ಲಿ ಸೌಕರ್ಯ ಕಡಿಮೆಯಿದ್ದೀತು, ಆದರೆ ಕೊಟ್ಟ ಹಣ ದ್ವೀಪದಲ್ಲೇ ಉಳಿಯುತ್ತದೆ. ಹವಳ, ಚಿಪ್ಪು ಏನನ್ನೂ ಹೆಕ್ಕಿ ತರಬೇಡಿ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ, ಸಾಗಿಸಿದರೆ ಅಪರಾಧ.

ಅಂಡಮಾನಿನ ಆಡಳಿತಕ್ಕೂ ಒಂದು ಮನವಿ. ಬೀಚ್ ಎದುರಿಗೆ ಎಂದು ಜಾಹೀರಾತು ಕೊಡುವ ಪ್ರತಿ ಹೋಟೆಲೂ ಉಬ್ಬರದ ಫೋಟೋ ಪಕ್ಕದಲ್ಲಿ ಇಳಿತದ ಫೋಟೋವನ್ನೂ ಹಾಕಬೇಕು, ನೀರಿನ ಮೂಲ ಯಾವುದೆಂದು ಬರೆಯಬೇಕು ಎಂಬ ನಿಯಮ ತನ್ನಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಜೀವಮಾನದ ಉಳಿತಾಯದಲ್ಲಿ ಒಂದಿಷ್ಟು ತೆಗೆದು ಮೊದಲ ಬಾರಿ ಸಮುದ್ರ ದಾಟುವ ಗದಗದ ಮೇಷ್ಟರಿಗೋ ಹಾಸನದ ನರ್ಸಮ್ಮನಿಗೋ ಇಷ್ಟು ಸತ್ಯ ತಿಳಿಯುವ ಹಕ್ಕಿದೆ.

ಆ ನಿಯಮ ಬರುವವರೆಗೆ ಕೆಲಸ ನಿಮ್ಮದೇ. ಹೋಟೆಲಿಗೆ ಫೋನ್ ಮಾಡಿ, ಇಳಿತದ ಹೊತ್ತಿನ ಫೋಟೋ ಕಳಿಸಿ ಎನ್ನಿ. ಕಳಿಸದವರಿಗೆ ಮುಂಗಡ ಕಟ್ಟಬೇಡಿ.