ಗಣಕದ ಮೊದಲ ಪಾಠ ಕನ್ನಡದಲ್ಲಿ ಏಕಿರಬಾರದು?

ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನು ಕುರಿತು ನಾಲ್ಕು ಮಾತು ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿಗಳು ಕೇಳಿದರು. ಈ ಸ್ಥಿತಿಗತಿಯನ್ನು ಕುರಿತು ಬರೆಯುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ. ಹೊಸೂರು ಸೀಮೆ ಸೇಲಂ ಜಿಲ್ಲೆಯಲ್ಲಿದ್ದಾಗ ನಮ್ಮ ಹಿರಿಯರು ಬರೆದರು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿದ ಮೇಲೆ ಅವರ ಶಿಷ್ಯರು ಬರೆದರು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾದ ಮೇಲೆ ನಾವು ಬರೆಯುತ್ತಿದ್ದೇವೆ. ಜಿಲ್ಲೆಯ ಹೆಸರು ಬದಲಾಯಿತೇ ಹೊರತು ನಮ್ಮ ಲೇಖನ ಬದಲಾಗಲಿಲ್ಲ. ಆದಕಾರಣ ಈ ಬಾರಿ ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇನೆ. ಕೆಲವರಿಗೆ ಇದು ಸಾಹಿತ್ಯ ಸಮ್ಮೇಳನಕ್ಕೆ ಸಲ್ಲದ ವಿಷಯವೆಂದು ತೋರಬಹುದು. ಸಲ್ಲುತ್ತದೆ ಎಂಬುದೇ ನನ್ನ ವಾದ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ ನಮ್ಮ ಶಾಲೆಗೆ ಕೆಲವು ಕಂಪ್ಯೂಟರುಗಳು ಬಂದವು. ಅವು ಕೆಟ್ಟರೆ ಲೆಕ್ಕ ಹೇಳಬೇಕಾದವನು ನಾನು. ಅವನ್ನು ನಡೆಸಲು ಬಾರದವನೂ ನಾನೇ. ಅವಕ್ಕೆ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಮೇಜಿನಲ್ಲಿಟ್ಟುಕೊಂಡೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಲೆಕ್ಕದಲ್ಲಿ ತರಗತಿಗೇ ಮೊದಲಿಗ, ಒಂದು ದಿನ ಬಂದು "ಒಂದು ಸಲ ಮುಟ್ಟಿ ನೋಡಲೇ ಸಾರ್?" ಎಂದು ಕೇಳಿದ. "ಅದೆಲ್ಲ ಇಂಗ್ಲಿಷಿನಲ್ಲಿದೆಯಪ್ಪ, ಮೊದಲು ಇಂಗ್ಲಿಷ್ ಕಲಿ" ಎಂದು ಕಳುಹಿಸಿದೆ. ನಾನು ಹೇಳಿದ್ದು ಬುದ್ಧಿಮಾತೆಂದೇ ಆಗ ನಂಬಿದ್ದೆ.

ಆ ಹುಡುಗ ಹತ್ತನೆಯ ತರಗತಿ ಮುಗಿಸಿ, ಡಿಪ್ಲೊಮಾಕ್ಕೆ ಸೇರಿ, ಒಂದೇ ವರ್ಷದಲ್ಲಿ ಬಿಟ್ಟು ಬಂದ. ಈಗ ತಳಿಯ ಕಡೆ ಗುಲಾಬಿ ತೋಟವೊಂದರಲ್ಲಿ ಹೂ ಕಟ್ಟಿ ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದಾನೆ. ಆ ಕೆಲಸ ಹೀನವೆಂದು ನಾನು ಹೇಳುವುದಿಲ್ಲ; ಅವನು ಆರಿಸಿಕೊಂಡದ್ದಲ್ಲ ಎಂದಷ್ಟೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಓದು ಬಿಟ್ಟದ್ದೇಕೆ ಎಂದು ಕೇಳಿದೆ. "ಲೆಕ್ಕ ಗೊತ್ತಿತ್ತು ಸಾರ್. ಪರದೆ ಮೇಲೆ ಕೆಂಪಕ್ಷರದಲ್ಲಿ ಅದು ಏನಂತ ಬೈಯ್ತಾ ಇದೆ ಅನ್ನೋದೇ ತಿಳೀಲಿಲ್ಲ" ಎಂದ. ಇಷ್ಟು ವರ್ಷ ಪಾಠ ಹೇಳಿದ ನನಗೆ ಅಂದು ಆ ಹುಡುಗ ಪಾಠ ಹೇಳಿದ.

ಆಮೇಲೆ ನಾನು ಹಟ ಹಿಡಿದು, ಮೊಮ್ಮಕ್ಕಳ ನೆರವಿನಿಂದ, ಪೈಥಾನ್ ಎಂಬ ಕ್ರಮವಿಧಿ ಭಾಷೆಯ ಮೊದಲ ಮೆಟ್ಟಿಲುಗಳನ್ನು ಹತ್ತಿದೆ. ಆಗ ತಿಳಿದದ್ದು ಇದು: ಆರಂಭದಲ್ಲಿ ಕಲಿಯುವವನನ್ನು ಕೆಡಹುವ ಕಲ್ಲುಗಳೆಲ್ಲ ಸಣ್ಣವು. ಸಾಲಿನ ಕೊನೆಗೆ ಎರಡು ಚುಕ್ಕೆಯ ಚಿಹ್ನೆ ಇಡಲು ಮರೆತರೆ ಯಂತ್ರ ನಿಲ್ಲುತ್ತದೆ. ಸಾಲಿನ ಮೊದಲಲ್ಲಿ ಬಿಡಬೇಕಾದ ತೆರಪು ಒಂದಿಷ್ಟು ಹೆಚ್ಚುಕಡಿಮೆಯಾದರೆ ನಿಲ್ಲುತ್ತದೆ. 'ಪ್ರಿಂಟ್' ಎಂಬ ಆಜ್ಞೆಯ ಮೊದಲ ಅಕ್ಷರವನ್ನು ದೊಡ್ಡ ಅಕ್ಷರದಲ್ಲಿ ಹೊಡೆದರೆ, ಇಂಥ ಹೆಸರೇ ನನಗೆ ಗೊತ್ತಿಲ್ಲ ಎನ್ನುತ್ತದೆ. ಇಂಗ್ಲಿಷ್ ಮಾಧ್ಯಮದ ಮಗು ದೊಡ್ಡ ಅಕ್ಷರ, ಸಣ್ಣ ಅಕ್ಷರಗಳ ಭೇದವನ್ನು ಶಿಶುವಿಹಾರದಲ್ಲೇ ಕಂಡಿರುತ್ತದೆ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಆ ಎಡವುಕಲ್ಲು ನಮ್ಮ ಮಕ್ಕಳಿಗೇ ಮೀಸಲಾದದ್ದು. ಅದನ್ನು ತೋರಿಸಬೇಕಾದವರೂ ನಾವೇ.

ಇನ್ನೂ ಒಂದು ಉದಾಹರಣೆ ಕೊಡುತ್ತೇನೆ. ವ್ಯಾಕರಣ ಪಾಠ ಹೇಳಿದವರು ಗಮನಿಸಬೇಕು. 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರಗಳು ಎಂದು ಒಂದನೆಯ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ. ಪೈಥಾನನ್ನು ಕೇಳಿದರೆ ಐದು ಎನ್ನುತ್ತದೆ. ನಾನು ಮೊದಲು ಯಂತ್ರ ಕೆಟ್ಟಿತೆಂದುಕೊಂಡೆ. ಯಂತ್ರ ಕೆಟ್ಟಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ, 1991ರ ಅದರ ಮೊದಲ ಆವೃತ್ತಿಯಿಂದಲೇ, ಕನ್ನಡಕ್ಕೂ ಸ್ಥಾನವಿದೆ. ಅಲ್ಲಿ ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ: ಕ, ನ, ಸ್ವರವನ್ನು ತೆಗೆದುಹಾಕುವ ಹಲಂತದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳಾಗಿ ಪದ ಕೂಡಿಟ್ಟಿರುತ್ತದೆ. ಯಂತ್ರ ಎಣಿಸುವುದು ಸಂಕೇತವನ್ನು, ನಾವು ಎಣಿಸುವುದು ಅಕ್ಷರವನ್ನು. ಹೀಗೆಯೇ, ಓದುಗ ಕೀಲಿಮಣೆಯಿಂದ ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟ ಉತ್ತರವನ್ನು ಸಂಖ್ಯೆಯಾಗಿ ಮಾರ್ಪಡಿಸೆಂದರೆ ಪೈಥಾನ್ ಹನ್ನೆರಡೆಂದೇ ಸ್ವೀಕರಿಸುತ್ತದೆ. ಅದೇ ೧೨ನ್ನು ಕ್ರಮವಿಧಿಯ ಸಾಲಿನೊಳಗೆ ನೇರವಾಗಿ ಬರೆದರೆ ತಪ್ಪೆನ್ನುತ್ತದೆ. ಇಂಗ್ಲಿಷಿನವರಿಗಾಗಿ ಬರೆದ ಆರಂಭಿಕರ ಕೈಪಿಡಿ ಇದನ್ನೇಕೆ ಹೇಳೀತು? ಅದನ್ನು ಬರೆದವನು ಇಲ್ಲಿ ಎಡವಿದವನೇ ಅಲ್ಲ. ಇಂಗ್ಲಿಷ್ ಪುಸ್ತಕವನ್ನು ಸಾಲುಸಾಲಾಗಿ ಅನುವಾದಿಸಿದರೂ ಈ ಸುಳಿವು ಅದರಲ್ಲಿ ಬಾರದು. ಕನ್ನಡದಲ್ಲಿ ಎಡವಿದವರು ಕನ್ನಡದಲ್ಲಿ ಬರೆದಿಟ್ಟರೆ ಮಾತ್ರ ಬಂದೀತು.

"ಗಣಕಕ್ಕೆ ಇಂಗ್ಲಿಷೇ ಗತಿ, ಕನ್ನಡದಲ್ಲಿ ಹೇಳಿ ಮಕ್ಕಳ ಕಾಲ ಹಾಳುಮಾಡಬೇಡಿ" ಎನ್ನುವ ಮಹನೀಯರು ನಮ್ಮ ಸಂಘದಲ್ಲಿಯೇ ಇದ್ದಾರೆ. ನವೆಂಬರಿನಲ್ಲಿ ಧ್ವಜ ಏರಿಸುವವರೂ ಅವರೇ. ಅವರಿಗೆ ಎರಡು ಸಂಗತಿ ನೆನಪಿಸುತ್ತೇನೆ. ಪೈಥಾನನ್ನು 1991ರಲ್ಲಿ ಲೋಕಕ್ಕೆ ಕೊಟ್ಟ ಗೈಡೊ ವಾನ್ ರೋಸಮ್ ಡಚ್ ಮಾತಿನ ನೆದರ್‌ಲೆಂಡ್ಸಿನವರು. ರೂಬಿ ಎಂಬ ಇನ್ನೊಂದು ಭಾಷೆಯನ್ನು 1995ರಲ್ಲಿ ಹೊರತಂದ ಯುಕಿಹಿರೊ ಮಾಟ್ಸುಮೊಟೊ ಜಪಾನಿನವರು. ರೂಬಿಯನ್ನು ಕುರಿತ ಬರಹ ಮೊದಲ ವರ್ಷಗಳಲ್ಲಿ ಬಹುಪಾಲು ಜಪಾನಿ ಭಾಷೆಯಲ್ಲಿಯೇ ಇತ್ತು; ಇಂಗ್ಲಿಷಿನಲ್ಲಿ ಅದರ ಮೊದಲ ಪುಸ್ತಕ ಬಂದದ್ದು 2000ದಲ್ಲಿ. ತಮ್ಮ ಭಾಷೆಯಲ್ಲಿ ಕಲಿತವರು ಕೆಟ್ಟುಹೋಗಲಿಲ್ಲ. ಲೋಕವೇ ಅವರ ಬಾಗಿಲಿಗೆ ಬಂತು. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಬಾರದೆಂದು ನಾನು ಹೇಳುತ್ತಿಲ್ಲ, ಚೆನ್ನಾಗಿ ಕಲಿಯಲಿ. ಆದರೆ ಎರಡು ಗುಡ್ಡಗಳನ್ನು ಒಂದೇ ಉಸಿರಿಗೆ ಹತ್ತೆಂದು ಹದಿಮೂರು ವರ್ಷದ ಮಗುವಿಗೆ ಹೇಳುವುದು ಶಿಕ್ಷಣವಲ್ಲ. ತರ್ಕವನ್ನು ತಾಯ್ನುಡಿಯಲ್ಲಿ ಹಿಡಿದವನಿಗೆ ಆಮೇಲೆ ಇಂಗ್ಲಿಷ್ ಪದ ಬರಿಯ ಪದ. ಹಿಡಿಯದವನಿಗೆ ಅದು ಗೋಡೆ.

ನೆರೆಹೊರೆಯನ್ನಾದರೂ ನೋಡೋಣ. ತಮಿಳಿನಲ್ಲಿ 2012ರಲ್ಲಿ ಆರಂಭವಾದ 'ಕಣಿಯಂ' ಬಳಗದವರು ಲಿನಕ್ಸ್, ಮೈಎಸ್‌ಕ್ಯೂಎಲ್ ಮೊದಲಾದವನ್ನು ಸರಳ ತಮಿಳಿನಲ್ಲಿ ಬರೆದು ಯಾರು ಬೇಕಾದರೂ ಓದಲೆಂದು ಹಂಚಿದರು. ಮಲಯಾಳಿಗಳು 2002ರಿಂದಲೇ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ ಕಟ್ಟಿ ಸ್ವಂತ ಇಚ್ಛೆಯಿಂದ ದುಡಿದರು. ಕೇರಳದ ಶಾಲೆಗಳ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡ ಮಾಧ್ಯಮಕ್ಕಾಗಿ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ನಮ್ಮಂತೆಯೇ ಗಡಿಯ ಆಚೆ ಉಳಿದ ಕಾಸರಗೋಡಿನ ಮಗು ಕಂಪ್ಯೂಟರಿನ ಪಾಠವನ್ನು ಕನ್ನಡದಲ್ಲಿ ಓದುತ್ತದೆ. ಹಾಗಿರುವಾಗ ಕನ್ನಡಕ್ಕೆ ಆ ಶಕ್ತಿಯಿಲ್ಲವೆಂದು ಯಾರೂ ಹೇಳುವಂತಿಲ್ಲ.

ಕನ್ನಡಿಗರು ಏನೂ ಮಾಡಿಲ್ಲವೆಂದರೆ ಅದೂ ಅನ್ಯಾಯ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗಳಿಗೆ ಹೊಂದುವ ಕೀಲಿಮಣೆಯ ವಿನ್ಯಾಸ ಕೊಟ್ಟರು. 'ನುಡಿ' ನಡೆಯುವುದು ಅದರ ಮೇಲೆಯೇ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದು ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಿತು. ಡಾ. ಯು.ಬಿ. ಪವನಜ ಅವರು ಮಕ್ಕಳು ಕನ್ನಡದಲ್ಲಿಯೇ ಆಜ್ಞೆ ಕೊಟ್ಟು ಚಿತ್ರ ಬಿಡಿಸಬಹುದಾದ ಕನ್ನಡ ಲೋಗೋ ಸಿದ್ಧಪಡಿಸಿದರು. ಮುಂಬಯಿಯ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯ ಹತ್ತು ನಿಮಿಷದ ಪಾಠಗಳು ಕನ್ನಡದ ದನಿಯಲ್ಲಿಯೂ ದೊರೆಯುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಬರೆಯುತ್ತಿರುವವರು ಸಂಬಳವಿಲ್ಲದ ಸಾಮಾನ್ಯರು. ಅವರು ಕೂಡಿ ಚರ್ಚಿಸುವ ಪುಟಕ್ಕೆ 'ಅರಳಿ ಕಟ್ಟೆ' ಎಂದೇ ಹೆಸರು. ಇವೆಲ್ಲ ಕೆಲವೇ ಮಂದಿಯ ಬೆವರು. ಸಂಘಗಳೆಂದು ಹೆಸರಿಟ್ಟುಕೊಂಡ ನಾವು ಇದರಲ್ಲಿ ಎಷ್ಟು ಹನಿ ಸೇರಿಸಿದ್ದೇವೆ? ಶಾಲು, ಹಾರ, ಫಲತಾಂಬೂಲದ ಲೆಕ್ಕ ನಮ್ಮ ವಾರ್ಷಿಕ ವರದಿಯಲ್ಲಿ ಸಿಗುತ್ತದೆ; ಈ ಲೆಕ್ಕ ಸಿಗುವುದಿಲ್ಲ.

ಇದು ಸಾಹಿತ್ಯವೇ ಎಂದು ಕೇಳುವ ಪಂಡಿತರಿಗೆ ಉತ್ತರ ನಮ್ಮ ಪರಂಪರೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆ ತೆಗೆದರು. ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದರು. ಇವರಲ್ಲಿ ಯಾರೂ ಇದು ಸಾಹಿತ್ಯವೋ ಅಲ್ಲವೋ ಎಂದು ಅಪ್ಪಣೆ ಕೇಳುತ್ತ ನಿಲ್ಲಲಿಲ್ಲ. ಪಂಡಿತರಿಗೆ ಇನ್ನೊಂದು ವಿಜ್ಞಾಪನೆ: ಪದ ಟಂಕಿಸುವ ಉತ್ಸಾಹದಲ್ಲಿ ಮಗುವನ್ನು ಮರೆಯಬೇಡಿ. ಪರದೆಯ ಮೇಲೆ ಕಾಣುವ ಪದ 'ಎರರ್' ಆದರೆ ಕೈಪಿಡಿಯಲ್ಲಿಯೂ 'ಎರರ್' ಎಂದೇ ಇರಲಿ, ಅದರ ಅರ್ಥ ಕನ್ನಡದಲ್ಲಿರಲಿ. ನಾವು ಬಸ್ಸಿಗೆ ಬಸ್ಸೆಂದೇ ಹೇಳಿ ಊರು ಸೇರುತ್ತಿದ್ದೇವೆ.

ಈಗ ಕಾರ್ಯಕ್ಕೆ ಬರುತ್ತೇನೆ. ನಮ್ಮ ಸಂಘದ ಕುಟುಂಬಗಳಲ್ಲಿ ಹೊಸೂರಿನಲ್ಲಿಯೂ, ಗಡಿ ದಾಟಿ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಕಂಪ್ಯೂಟರ್ ಕೆಲಸ ಮಾಡುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು ಇಲ್ಲದ ಮನೆಗಳು ವಿರಳ. ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ, ಒಂದೇ ಪುಟ. ಒಂದು ಪುಟಕ್ಕೆ ಒಂದೇ ತೊಡಕು. ತಾನು ಕಲಿಯುವಾಗ ಎಲ್ಲಿ ಎಡವಿದೆ, ಪರದೆಯ ಮೇಲೆ ಏನು ಕಂಡಿತು, ಅದರ ಅರ್ಥವೇನು, ಹೇಗೆ ಸರಿಪಡಿಸಿದೆ ಎಂಬ ನಾಲ್ಕು ಸಂಗತಿ ಇರಲಿ. ಯಾವ ಉಪಕರಣ, ಅದರ ಯಾವ ಆವೃತ್ತಿ, ಬರೆದ ದಿನಾಂಕ ಎಂಬುದನ್ನು ತಲೆಯಲ್ಲಿ ನಮೂದಿಸಲಿ. ಬರೆದದ್ದನ್ನು ಬಲ್ಲವರೊಬ್ಬರು ಯಂತ್ರದ ಮೇಲೆ ಮಾಡಿ ನೋಡಲಿ. ಅರಿಯದ ಮಗುವೊಂದು ಗಟ್ಟಿಯಾಗಿ ಓದಿ ಅದರಂತೆ ನಡೆದು ನೋಡಲಿ. ಮಗು ಎಲ್ಲಿ ತಡವರಿಸಿತೋ ಅಲ್ಲಿ ತಪ್ಪು ಬರೆದವರದು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದು ಪುಟದ ಕೆಳಗೆ ಬರೆದಿರಲಿ. ಕನ್ನಡದ ಮೇಷ್ಟ್ರುಗಳು ವಾಕ್ಯ ತಿದ್ದಲಿ, ಅಷ್ಟೇ. ಎಂಜಿನಿಯರರ ಕನ್ನಡವನ್ನು ಅಣಕಿಸದಿರಲಿ.

ಆಕ್ಷೇಪಗಳು ಬರುತ್ತವೆ. ತಂತ್ರಾಂಶ ವರ್ಷವರ್ಷಕ್ಕೂ ಬದಲಾಗುತ್ತದೆ, ಬರೆದದ್ದು ಹಳತಾಗುತ್ತದೆ ಎನ್ನುವರು. ಕೆರೆಯಲ್ಲಿಯೂ ಹೂಳು ತುಂಬುತ್ತದೆ. ಅದಕ್ಕಾಗಿ ನಮ್ಮ ಹಿರಿಯರು ಕೆರೆ ಕಟ್ಟದೆ ಬಿಡಲಿಲ್ಲ, ಊರೆಲ್ಲ ಕೂಡಿ ಹೂಳೆತ್ತುವ ಪದ್ಧತಿ ಮಾಡಿದರು. ದಿನಾಂಕ ನಮೂದಿಸಿ ಎಂದದ್ದು ಅದಕ್ಕಾಗಿಯೇ. ತಪ್ಪು ಸೇರಿಕೊಂಡರೆ ಎನ್ನುವರು. ಸೇರಿಕೊಳ್ಳುತ್ತದೆ, ಕಂಡವರು ತಿದ್ದುತ್ತಾರೆ. ಅಚ್ಚಾದ ಪಠ್ಯಪುಸ್ತಕದ ತಪ್ಪನ್ನು ಇಡೀ ಸೇವಾವಧಿ ಕೆಂಪು ಶಾಯಿಯಲ್ಲಿ ತಿದ್ದಿದವನು ನಾನು. ಇನ್ನು ಕೃತಕ ಬುದ್ಧಿಮತ್ತೆ ಬಂದಿದೆ, ಯಂತ್ರವೇ ಕನ್ನಡದಲ್ಲಿ ಹೇಳಿಕೊಡುತ್ತದೆ, ನಮ್ಮ ಶ್ರಮವೇಕೆ ಎಂಬುದು ಎಲ್ಲಕ್ಕಿಂತ ಹೊಸ ಸೋಮಾರಿತನ. ಆ ಯಂತ್ರ ಕಲಿಯುವುದೂ ಮನುಷ್ಯರು ಬರೆದಿಟ್ಟದ್ದರಿಂದಲೇ. ಕನ್ನಡದಲ್ಲಿ ನಾವು ಏನನ್ನೂ ಬರೆದಿಡದಿದ್ದರೆ ಅದು ಇಂಗ್ಲಿಷನ್ನೇ ಕನ್ನಡದ ಲಿಪಿಯಲ್ಲಿ ಉಣಬಡಿಸೀತು. ಬಿತ್ತದೆ ಬೆಳೆ ಕೇಳುವುದು ರಾಗಿ ಬೆಳೆಯುವ ಸೀಮೆಯ ಜನಕ್ಕೆ ಒಪ್ಪುವ ಮಾತಲ್ಲ.

ಕಡೆಯದಾಗಿ ಒಂದು ಮಾತು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯಿದೆ ಬಂದ ಮೇಲೆ ಭಾಷಾ ಅಲ್ಪಸಂಖ್ಯಾತರು ಮನವಿ ಸಲ್ಲಿಸಿದ್ದಾರೆ, ನ್ಯಾಯಾಲಯದ ಮೆಟ್ಟಿಲೇರಿದ್ದಾರೆ. ಅದು ನ್ಯಾಯವಾದ ಹೋರಾಟ, ನಡೆಯಲಿ. ಆದರೆ ನಮ್ಮ ಊರುಗಳಲ್ಲಿ ತಾಯಿತಂದೆಯರು ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವಾಗ ಕಾಯಿದೆಯ ಹೆಸರು ಹೇಳುವುದನ್ನು ನಾನು ಕೇಳಿಲ್ಲ. "ಇಲ್ಲಿ ಓದಿದರೆ ಕಂಪ್ಯೂಟರ್ ಬರೋದಿಲ್ಲ ಸಾರ್" ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ, ಯಾವ ತೀರ್ಪಿಗಾಗಿಯೂ ಕಾಯಬೇಕಿಲ್ಲ. ಇಂಥ ಕೆಲಸ ಮಾಡಲು ನಮ್ಮನ್ನು ತಡೆದವರು ಯಾರೂ ಇಲ್ಲದಿರುವಾಗ, ಮಾಡದೆ ಕುಳಿತ ಹೊಣೆಯನ್ನು ಯಾರ ಮೇಲೆ ಹೊರಿಸೋಣ?

ಸಮ್ಮೇಳನದ ದಿನ ಪುಸ್ತಕ ಮಾರಾಟದ ಮಳಿಗೆಯ ಪಕ್ಕದಲ್ಲಿ ಒಂದು ಮೇಜು, ಒಂದು ಕಟ್ಟು ಬಿಳಿ ಹಾಳೆ ಇಟ್ಟುಕೊಂಡು ನಾನು ಕುಳಿತಿರುತ್ತೇನೆ. ಮೊದಲ ಪುಟವನ್ನು ಬರೆದಾಗಿದೆ. 'ಕನ್ನಡ' ಯಂತ್ರಕ್ಕೆ ಏಕೆ ಐದು ಎಂಬುದೇ ಅದರ ವಿಷಯ. ಅದನ್ನು ಗುಲಾಬಿ ತೋಟದ ಆ ಶಿಷ್ಯನಿಗೆ ಕೊಟ್ಟು ಓದಿಸಿದೆ. ಎರಡು ಕಡೆ ತಿಳಿಯಲಿಲ್ಲವೆಂದ, ತಿದ್ದಿದ್ದೇನೆ. ಎರಡನೆಯ ಪುಟವನ್ನು ತಾನೇ ಬರೆಯುತ್ತೇನೆಂದು ಒಪ್ಪಿಕೊಂಡಿದ್ದಾನೆ. ಮೂರನೆಯದು ಯಾರ ಮನೆಯಿಂದ ಬರುವುದೆಂದು ಸಂಘದ ಬಂಧುಗಳು ತಿಳಿಸಬೇಕು.